ಅರಗು ಮುದ್ರೆ: ಅಸಲಿಯೋ ನಕಲಿಯೋ?

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಬಂಡಲ್ ಬಿಚ್ಚೋದಕ್ಕೆ ಮುಂಚೆ ಮೇಲ್ವಿಚಾರಕರು ಅದನ್ನ ಎತ್ತಿ ತೋರಿಸಿ "ಸೀಲ್ ಸರಿಯಾಗಿದೆ, ನೋಡ್ಕೊಳ್ರಪ್ಪಾ" ಅಂದಿದ್ದು ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ದಾರದ ಗಂಟಿನ ಮೇಲೆ ಕೂತಿದ್ದ ಆ ಕೆಂಪು ಗಟ್ಟಿ ಪದಾರ್ಥವೇ ಅರಗು. ಪಾಸ್‌ವರ್ಡ್, ಓಟಿಪಿ, ಹ್ಯಾಶ್ ಇವೆಲ್ಲ ಬರುವ ಮುಂಚೆ "ಈ ಕಾಗದವನ್ನ ದಾರಿಯಲ್ಲಿ ಯಾರೂ ತೆರೆದಿಲ್ಲ" ಅಂತ ಸಾಬೀತು ಮಾಡುತ್ತಿದ್ದದ್ದು ಇದು. ಬ್ರಿಟಿಷರ ಕಾಲದ ಅಂಚೆಯಲ್ಲಿ ಓಡಾಡಿದ ಇಂಥ ಮುದ್ರೆಗಳನ್ನ ಹುಡುಕಿ ಕೂಡಿಡುವ ಹವ್ಯಾಸವೊಂದಿದೆ. ಅಂಚೆಚೀಟಿ ಸಂಗ್ರಹದ ಪಕ್ಕದ ಗಲ್ಲಿ ಅನ್ನಬಹುದು. ನಾನು ಆ ಗಲ್ಲಿಗೆ ಕಾಲಿಟ್ಟು ಎರಡು ವರ್ಷವಾಯ್ತು, ಒಂದು ತಪ್ಪನ್ನೂ ಮಾಡಿದೆ. ಅದು ಆಮೇಲೆ.

ಮೊದಲು ಪದಾರ್ಥದ ವಿಷಯ. ಇಂಗ್ಲಿಷಿನಲ್ಲಿ ಇದನ್ನ 'ಸೀಲಿಂಗ್ ವ್ಯಾಕ್ಸ್' ಅಂತಾರೆ, ಆದರೆ ಒಳ್ಳೆಯ ಸೀಲಿಂಗ್ ವ್ಯಾಕ್ಸಿನಲ್ಲಿ ವ್ಯಾಕ್ಸೇ ಇರೋದಿಲ್ಲ! ಯುರೋಪಿನಲ್ಲಿ ಮಧ್ಯಯುಗದ ಮುದ್ರೆಗಳು ಜೇನುಮೇಣದವು, ಅಲ್ಲಿಂದಲೇ ಆ ಹೆಸರು. ಸಮುದ್ರದ ದಾರಿ ತೆರೆದು ಇಲ್ಲಿನ ಅರಗು ಆ ಕಡೆಗೆ ಹೋಗತೊಡಗಿದ ಮೇಲೆ ಮೇಣ ಹಿಂದೆ ಸರಿಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ಕನ್ನಡದ 'ಅರಗು' ಅನ್ನೋ ಹೆಸರೇ ಇಲ್ಲಿ ಸರಿ. ಮುತ್ತುಗ, ಬೋರೆ ಇಂಥ ಮರಗಳ ಎಳೆ ಕೊಂಬೆಗಳ ಮೇಲೆ ಕೆರಿಯಾ ಲ್ಯಾಕಾ ಅನ್ನೋ ಪುಟ್ಟ ಕೀಟ ಗುಂಪುಗುಂಪಾಗಿ ಕೂತು ರಸ ಹೀರಿ, ಮೈಮೇಲೆ ರಾಳವೊಂದನ್ನ ಸ್ರವಿಸುತ್ತೆ. ಅದನ್ನ ಕೆರೆದು, ತೊಳೆದು, ಕರಗಿಸಿ, ಸೋಸಿದರೆ ಷೆಲ್ಯಾಕ್. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದರದ್ದೇ. ಮಹಾಭಾರತದ ಅರಗಿನ ಮನೆಗೂ ಇದೇ ಸಾಮಾನು. ದುರ್ಯೋಧನನ ಮೆಟೀರಿಯಲ್ ಸೆಲೆಕ್ಷನ್ನಿನಲ್ಲಿ ತಪ್ಪು ಹುಡುಕೋ ಹಾಗಿಲ್ಲ, ಅರಗು ಚೆನ್ನಾಗೇ ಉರಿಯುತ್ತೆ.

ಹತ್ತೊಂಬತ್ತನೇ ಶತಮಾನದ ಒಳ್ಳೆ ಕೆಂಪು ಅರಗಿನ ಕಡ್ಡಿಯಲ್ಲಿ ಷೆಲ್ಯಾಕ್, ಅದು ತೀರಾ ಗಾಜಿನಂತಾಗದಿರಲಿ ಅಂತ ಸ್ವಲ್ಪ ವೆನಿಸ್ ಟರ್ಪೆಂಟೈನ್, ಮೈ ತುಂಬಲು ಸೀಮೆಸುಣ್ಣದ ಪುಡಿ, ಬಣ್ಣಕ್ಕೆ ಇಂಗಲೀಕ ಅಂದರೆ ಮರ್ಕ್ಯುರಿ ಸಲ್ಫೈಡ್ ಇರುತ್ತಿತ್ತು. ಅಗ್ಗದ ಮಾಲಿನಲ್ಲಿ ಷೆಲ್ಯಾಕ್ ಬದಲು ಪೈನ್ ಮರದ ರಾಳ, ಇಂಗಲೀಕದ ಬದಲು ಸೀಸದ ಸಿಂಧೂರ. ತಣ್ಣಗಾದ ಮೇಲೆ ಇದು ಬಗ್ಗೋದಿಲ್ಲ, ಮುರಿಯುತ್ತೆ. ನಮ್ಮ ಮೆಟೀರಿಯಲ್ಸ್ ಕ್ಲಾಸಿನಲ್ಲಿ 'ಬ್ರಿಟಲ್' ಅಂದರೆ ಬೈಗುಳದ ಥರ ಕೇಳುತ್ತೆ. ಇಲ್ಲಿ ಅದೇ ಗುಣ ಬೇಕಾದದ್ದು. ಬಗ್ಗುವ ಮುದ್ರೆಯನ್ನ ಮೆಲ್ಲಗೆ ಎಬ್ಬಿಸಿ ಕಾಗದ ಓದಿ ಮತ್ತೆ ಅಂಟಿಸಿಬಿಡಬಹುದು, ಒಡೆದು ಚೂರಾಗುವ ಮುದ್ರೆಯ ಜೊತೆ ಆ ಆಟ ನಡೆಯೋದಿಲ್ಲ.

ಆದರೆ ಅದೇ ಗುಣ ಒಂದು ಸಲ ಅಂಚೆ ಇಲಾಖೆಗೇ ಕೈಕೊಟ್ಟಿತು. 1852ರ ಜುಲೈ 1ರಂದು ಸಿಂಧ್ ಪ್ರಾಂತ್ಯದಲ್ಲಿ ಕಮಿಷನರ್ ಬಾರ್ಟಲ್ ಫ್ರೇರ್ ಏಷ್ಯಾದ ಮೊದಲ ಅಂಚೆಚೀಟಿ 'ಸಿಂಧ್ ಡಾಕ್' ಹೊರತಂದ. ಬೆಲೆ ಅರ್ಧಾಣೆ. ದುಂಡನೆಯ ಬೆಲ್ಟಿನಾಕಾರದ ಪಟ್ಟಿ, ಅದರೊಳಗೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಗುರುತು. ಅದರ ಕೆಂಪು ಬಗೆಯನ್ನ ಅರಗಿನ ತೆಳು ಬಿಲ್ಲೆಯ ಮೇಲೇ ಒತ್ತಲಾಗಿತ್ತು. ಅಂದರೆ ಅಂಚೆಚೀಟಿಯೇ ಒಂದು ಅರಗು ಮುದ್ರೆ! ಒಂಟೆ, ಕುದುರೆ, ಓಟಗಾರರ ಚೀಲದಲ್ಲಿ ಕುಲುಕಾಡಿ ಬಿಲ್ಲೆಗಳು ಬಿರುಕು ಬಿಟ್ಟು ಉದುರಿಹೋದವು. ಆಮೇಲೆ ಬಿಳಿ ಕಾಗದದ ಮೇಲೆ ಬಣ್ಣವಿಲ್ಲದೆ ಉಬ್ಬಚ್ಚು ಒತ್ತಿದರು. ಅದು ದೀಪದ ಬೆಳಕಲ್ಲಿ ಕಾಣುತ್ತಿರಲಿಲ್ಲ. ನಂತರ ನೀಲಿ ಬಂತು. 1854ರ ಅಕ್ಟೋಬರಿನಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಅಂಚೆಚೀಟಿ ವ್ಯವಸ್ಥೆ ಬಂದಾಗ ಸಿಂಧ್ ಡಾಕ್ ನಿಂತೇಹೋಯಿತು. ಇವತ್ತು ಆ ಕೆಂಪು ಬಿಲ್ಲೆ ಮೂರರಲ್ಲೂ ಅತಿ ವಿರಳ. ಬೇಗ ಹಾಳಾಗುವ ವಸ್ತುವಾದ್ದರಿಂದಲೇ ವಿರಳ, ವಿರಳವಾದ್ದರಿಂದಲೇ ನಕಲಿಗಾರರಿಗೆ ಪ್ರಿಯ.

ಸಂಗ್ರಾಹಕರ ಕೈಗೆ ಬರೋ ಮಾಲು ಸಾಮಾನ್ಯವಾಗಿ ಮೂರು ಥರ. ಒಂದು, ಲಕೋಟೆ ಬಳಕೆಗೆ ಬರುವ ಮುಂಚಿನ ಪತ್ರಗಳು: ಬರೆದ ಹಾಳೆಯನ್ನೇ ಮಡಚಿ, ಮಡಿಕೆಯ ತುದಿಗೆ ಅರಗು ಸುರಿದು, ಉಂಗುರವನ್ನೋ ಹಿತ್ತಾಳೆ ಅಚ್ಚನ್ನೋ ಒತ್ತಿದ್ದು. ಎರಡು, ಸರ್ಕಾರಿ ಕಚೇರಿಗಳ ಮತ್ತು ಅಂಚೆ ಕಚೇರಿಗಳ ಮುದ್ರೆಗಳು. ಅಂಚೆ ಚೀಲದ ಬಾಯಿಗೆ ಹುರಿ ಕಟ್ಟಿ ಆಯಾ ಕಚೇರಿಯ ಹೆಸರಿನ ಅಚ್ಚು ಒತ್ತುತ್ತಿದ್ದರು. ಚೀಲದ ಮುದ್ರೆಗಳು ಉಳಿಯೋದೇ ಕಡಿಮೆ, ಯಾಕಂದರೆ ಅವು ಇರೋದೇ ಒಡೆಯೋಕೆ. ಆದರೆ ಹಿತ್ತಾಳೆ ಅಚ್ಚುಗಳು ಸಿಗುತ್ತವೆ. ಮೂರನೆಯದು, ನನಗೆ ಹೆಚ್ಚು ಇಷ್ಟವಾದದ್ದು, ಇನ್ಶೂರ್ಡ್ ಲಕೋಟೆಗಳು. ಬ್ರಿಟಿಷ್ ಇಂಡಿಯಾದಲ್ಲಿ ಅಂಚೆ ವಿಮೆ ಶುರುವಾದದ್ದು 1878ರಲ್ಲಿ. ನೋಟು, ಒಡವೆ, ಹುಂಡಿ ಕಳಿಸೋ ವ್ಯಾಪಾರಿಗಳು ಲಕೋಟೆಯ ಪ್ರತಿ ಅಂಚಿನ ಮೇಲೂ ಅರಗು ಹಾಕಬೇಕಿತ್ತು. ಎಲ್ಲ ಮುದ್ರೆಗಳೂ ಒಂದೇ ಅರಗಿನವು, ಒಂದೇ ಗುರುತಿನವು ಆಗಿರಬೇಕು, ಚಲಾವಣೆಯಲ್ಲಿರೋ ನಾಣ್ಯವನ್ನ ಒತ್ತೋ ಹಾಗಿಲ್ಲ, ಬರೀ ನೇರ ಗೆರೆ, ಅಡ್ಡಗೆರೆಗಳ ಗುರುತೂ ಸಾಲದು ಅಂತ ನಿಯಮವಿತ್ತು. ಕಾರಣ ಸರಳ: ಯಾರ ಜೇಬಿನಲ್ಲೂ ಇರೋ ವಸ್ತುವಿನ ಅಚ್ಚು ಗುರುತಲ್ಲ, ಎಲ್ಲರಿಗೂ ಗೊತ್ತಿರೋ ಪಾಸ್‌ವರ್ಡ್. ಹಾಗಾಗಿ ಒಂದು ಇನ್ಶೂರ್ಡ್ ಲಕೋಟೆಯ ಹಿಂದೆ ಐದು ಮುದ್ರೆಯಿದ್ದು ಅವು ಬೇರೆಬೇರೆ ಗುರುತಿನವಾಗಿದ್ದರೆ, ಇಲ್ಲಾ ಕಾಲಾಣೆ ನಾಣ್ಯದ ಅಚ್ಚಿನವಾಗಿದ್ದರೆ, ಮೊದಲ ಅನುಮಾನ ಅಲ್ಲೇ ಹುಟ್ಟಬೇಕು.

ನಮ್ಮ ಮನೆಯಲ್ಲಿ ಅಂಥದ್ದೊಂದು ಲಕೋಟೆ ಇದೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನನ್ನ ಮುತ್ತಜ್ಜ 1936ರಲ್ಲಿ ಬೊಂಬಾಯಿಗೆ ಕಳಿಸಿದ್ದು, ವಿಳಾಸದಾರ ಸಿಗದೆ ವಾಪಸ್ ಬಂದದ್ದು. ಮೈಸೂರು ಸಂಸ್ಥಾನದ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಗಿದ್ದರಿಂದ, ತಿಪಟೂರಿಗೂ ಅದೇ ನಿಯಮ, ಅದೇ ಚೀಟಿ. ಹಿಂದೆ ಐದು ಮುದ್ರೆ, ಪ್ರತಿಯೊಂದರಲ್ಲೂ ಒಂದು ತಕ್ಕಡಿ, ಅದರ ಕೆಳಗೆ ಕನ್ನಡದಲ್ಲಿ ಎರಡು ಅಕ್ಷರ. ಇದನ್ನ ನೋಡಿಯೇ ನನಗೆ ಹುಚ್ಚು ಹಿಡಿದದ್ದು.

ಹುಚ್ಚು ಹಿಡಿದವನು ಮಾಡೋ ಮೊದಲ ಕೆಲಸ ಆನ್‌ಲೈನಿನಲ್ಲಿ ಕೊಳ್ಳೋದು. "1820ರ ಕಂಪನಿ ಕಾಲದ ಪತ್ರ, ಅಖಂಡ ಅರಗು ಮುದ್ರೆ ಸಹಿತ" ಅಂತ ಒಬ್ಬರು ಮಾರುತ್ತಿದ್ದರು. ಹದಿನೆಂಟು ನೂರು ರೂಪಾಯಿ ಕೊಟ್ಟೆ, ಮೆಸ್ಸಿಗೆ ಇಟ್ಟಿದ್ದ ದುಡ್ಡು. ಪತ್ರ ಬಂತು. ಕಾಗದ ಹಳೆಯದೇ, ಕೈಬರಹ ಹಳೆಯದೇ. ಮುದ್ರೆ ಮಾತ್ರ ಎಷ್ಟು ಚೆನ್ನಾಗಿತ್ತು ಅಂದರೆ, ಅದೇ ಅನುಮಾನಕ್ಕೆ ಕಾರಣವಾಯ್ತು.

ಯಾಕೆ ಅಂತ ಹೇಳ್ತೀನಿ. ಷೆಲ್ಯಾಕ್ ಕರಗೋದು 75 ಡಿಗ್ರಿ ಆಸುಪಾಸಿನಲ್ಲಿ, ಆದರೆ ಅದಕ್ಕಿಂತ ಎಷ್ಟೋ ಮೊದಲೇ ಮೆದುವಾಗೋಕೆ ಶುರುವಾಗುತ್ತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ, ಹೆಂಚಿನ ಮನೆಯ ಅಟ್ಟದಲ್ಲಿ, ಟ್ರಂಕಿನೊಳಗೆ, ಬೇರೆ ಕಾಗದಗಳ ಭಾರದ ಕೆಳಗೆ ಇನ್ನೂರು ಬೇಸಿಗೆ ಕಳೆದ ಮುದ್ರೆ ಸ್ವಲ್ಪವಾದರೂ ಹರಿದಿರುತ್ತೆ. ಕ್ರೀಪ್ ಅಂತ ಓದಿದೀವಲ್ಲ, ಅದೇ. ಉಬ್ಬುಗಳ ನೆತ್ತಿ ಚಪ್ಪಟೆಯಾಗಿರುತ್ತೆ, ಮೇಲೆ ಕೂತಿದ್ದ ಕಾಗದದ ನಾರಿನ ಗುರುತು ಅಚ್ಚಾಗಿರುತ್ತೆ. ಎದುರಿನ ಮಡಿಕೆಯ ಮೇಲೆ ಕೆಂಪು ಛಾಯೆ, ಅರಗಿನ ಸುತ್ತ ರಾಳ ಹೀರಿದ ಎಣ್ಣೆಕಲೆಯಂಥ ಉಂಗುರ ಇರುತ್ತೆ. ನಿನ್ನೆ ತಾನೇ ಒತ್ತಿದ ಹಾಗೆ ಮೂಗು ಕಣ್ಣು ಚೂಪಾಗಿದ್ದರೆ "ಅಬ್ಬಾ" ಅನ್ನೋ ಬದಲು "ಯಾಕೆ?" ಅನ್ನಬೇಕು.

ಎರಡನೇ ಪರೀಕ್ಷೆ ಪದರಗಳದ್ದು. ಇದಕ್ಕೆ ಹತ್ತು ಪಟ್ಟಿನ ಲೂಪ್ ಸಾಕು. ಪತ್ರದ ಜೀವನದಲ್ಲಿ ಘಟನೆಗಳಿಗೊಂದು ಕ್ರಮವಿದೆ: ಬರೆದರು, ಮಡಚಿದರು, ಅರಗು ಹಾಕಿದರು, ಅಂಚೆ ಕಚೇರಿಗೆ ಕೊಟ್ಟರು, ಅಲ್ಲಿ ಠಸ್ಸೆ ಬಿತ್ತು, ಕೊನೆಗೆ ತಲುಪಿದವರು ಒಡೆದರು. ಹಾಗಾಗಿ ಅಂಚೆ ಠಸ್ಸೆಯ ಮಸಿ ಅರಗಿನ ಮೇಲೆ ಹತ್ತಿರಬೇಕು, ಇಲ್ಲಾ ಅರಗಿನ ದಿಣ್ಣೆಗೆ ತಗುಲಿ ಪಕ್ಕದಲ್ಲಿ ಅರೆಬರೆ ಮೂಡಿರಬೇಕು. ಠಸ್ಸೆಯ ಗೆರೆ ನೀಟಾಗಿ ಅರಗಿನ ಕೆಳಗೆ ತೂರಿಹೋಗಿದ್ದರೆ ಅರಗು ಆಮೇಲೆ ಬಂದದ್ದು. ಒಡೆದ ಪತ್ರವಾದರೆ ಮುದ್ರೆಗೆ ಒಂದು ಕಡೆಯ ಕಾಗದದ ಚೂರು ಅಂಟಿಕೊಂಡು, ಎದುರು ಮಡಿಕೆಯಲ್ಲಿ ಅದೇ ಆಕಾರದ ತೂತು ಇರಬೇಕು, ಎರಡೂ ಜಿಗ್‌ಸಾ ಥರ ಕೂಡಬೇಕು. ಇದಕ್ಕೊಂದು ಅಪವಾದವೂ ಇದೆ: ದಾರಿಯಲ್ಲಿ ಹರಿದ ಪತ್ರವನ್ನ ಅಂಚೆ ಕಚೇರಿಯೇ ಮತ್ತೆ ಅರಗು ಹಾಕಿ ಮುಚ್ಚಿರಬಹುದು. ಆದರೆ ಆಗ ಒತ್ತಿರೋದು ಕಚೇರಿಯ ಅಚ್ಚು, ಯಾರೋ ದೊರೆಯ ವಂಶಲಾಂಛನ ಅಲ್ಲ. ನನ್ನ ಹದಿನೆಂಟು ನೂರರ ಪತ್ರದಲ್ಲಿ ಠಸ್ಸೆ ಅರಗಿನ ಕೆಳಗೇ ಹೋಗಿತ್ತು, ಲಾಂಛನವೂ ಇತ್ತು. ಪತ್ರ ಅಸಲಿ, ಮುದ್ರೆ ನಕಲಿ. ಬರೀ ಪತ್ರಕ್ಕೆ ಬೆಲೆ ಕಡಿಮೆ, ಮುದ್ರೆ ಕೂಡಿಸಿದರೆ ಏರುತ್ತೆ. ಆ ವ್ಯತ್ಯಾಸವೇ ಮಾರಿದವರ ಲಾಭ.

ಹಳೇ ಮುದ್ರೆಯಿಂದ ಸಿಲಿಕೋನ್ ಅಚ್ಚು ತೆಗೆದು ಹೊಸ ಅರಗು ಎರಕ ಹೊಯ್ಯೋದು ಇನ್ನೊಂದು ದಾರಿ. ಇದನ್ನ ಹಿಡಿಯೋದು ನಮ್ಮಂಥವರಿಗೆ ಮಜಾ ಕೊಡೋ ಕೆಲಸ. ಒಂದೇ ಹಿತ್ತಾಳೆ ಅಚ್ಚಿನಿಂದ ಒತ್ತಿದ ಎರಡು ಅಸಲಿ ಮುದ್ರೆಗಳಲ್ಲಿ ಅಚ್ಚಿನ ದೋಷಗಳು ಒಂದೇ ಇರುತ್ತವೆ: ಒಂದು ಗೀರು, ಸವೆದ ಒಂದು ಮೂಲೆ. ಆದರೆ ಒತ್ತಿದ ಕ್ಷಣದ ದೋಷಗಳು, ಅಂದರೆ ವಾಲಿದ ಕೋನ, ಸಿಕ್ಕಿದ ಗುಳ್ಳೆ, ತುಳುಕಿದ ಅಂಚು, ಬೇರೆಬೇರೆ ಇರಬೇಕು. ಎರಡು ಮುದ್ರೆಗಳಲ್ಲಿ ಅವೂ ಒಂದೇ ಇದ್ದರೆ, ಒಂದು ಇನ್ನೊಂದರ ಎರಕ, ಅಥವಾ ಎರಡೂ ಮೂರನೆಯದರ ಎರಕ. ಪ್ರತಿ ಎರಕದಲ್ಲೂ ಅಳತೆ ಚೂರು ಕುಗ್ಗೋದೂ ಉಂಟು, ವರ್ನಿಯರ್ ಇದ್ದರೆ ಗೊತ್ತಾಗುತ್ತೆ.

ಹೋಲಿಸೋಕೆ ಒಳ್ಳೆ ಚಿತ್ರ ಬೇಕು. ಫೋನಿನ ಫ್ಲ್ಯಾಶ್ ಹಾಕಿ ತೆಗೆದರೆ ಅರಗು ಬರೀ ಹೊಳೆಯುತ್ತೆ. ಇದಕ್ಕೆ ಆರ್‌ಟಿಐ ಅನ್ನೋ ತಂತ್ರವಿದೆ. ಮಾಹಿತಿ ಹಕ್ಕು ಅಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಮೂಲ ಕಲ್ಪನೆ ಎಚ್‌ಪಿ ಲ್ಯಾಬ್ಸಿನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರದ್ದು, 2001ರದ್ದು. ಕ್ಯಾಮೆರಾ ಅಲುಗಾಡಿಸದೆ ಸ್ಟ್ಯಾಂಡಿಗೆ ಹಾಕಿ, ಮುದ್ರೆಯ ಪಕ್ಕ ಹೊಳೆಯೋ ಕರಿ ಗೋಲಿಯೊಂದನ್ನಿಟ್ಟು, ಟಾರ್ಚನ್ನ ಸುತ್ತಲೂ ಬೇರೆಬೇರೆ ಎತ್ತರ, ಕೋನದಿಂದ ಹಿಡಿದು ನಲವತ್ತು ಐವತ್ತು ಫೋಟೋ ತೆಗೀಬೇಕು. ಗೋಲಿಯ ಮೇಲೆ ಬಿದ್ದ ಹೊಳಪಿನ ಚುಕ್ಕೆಯಿಂದ ಬೆಳಕು ಯಾವ ಕಡೆಯಿಂದ ಬಂತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ, ಪ್ರತಿ ಪಿಕ್ಸೆಲ್ಲಿಗೂ ಮೇಲ್ಮೈಯ ಇಳಿಜಾರು ಕಂಡುಹಿಡಿಯುತ್ತೆ. ಆಮೇಲೆ ಸ್ಕ್ರೀನಿನ ಮೇಲೆ ಬೆಳಕನ್ನ ನಮಗೆ ಬೇಕಾದಲ್ಲಿಗೆ ಸರಿಸಬಹುದು. ಬರಿಗಣ್ಣಿಗೆ ಕಾಣದ ಅಕ್ಷರಗಳು ಎದ್ದು ಬರುತ್ತವೆ. ಸಾಫ್ಟ್‌ವೇರ್ ಉಚಿತ. ನಾನು ಬೇರಿಂಗ್ ಬಾಲ್‌ಗೆ ಕರಿ ನೇಲ್ ಪಾಲಿಶ್ ಹಚ್ಚಿ ಕೆಲಸ ಮುಗಿಸಿದೆ. ನೇಲ್ ಪಾಲಿಶ್ ತಂಗಿಯದು, ಅದರ ಜಗಳ ಬೇರೆ.

ಹಿತ್ತಾಳೆ ಅಚ್ಚು ಕೊಳ್ಳೋರಿಗೆ ಒಂದೇ ಮಾತು: ಅಸಲಿ ಅಚ್ಚಿನಲ್ಲಿ ಅಕ್ಷರ ಕೊರೆದಿರುತ್ತೆ ಮತ್ತು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿರುತ್ತೆ. 'ಈಸ್ಟ್ ಇಂಡಿಯಾ ಕಂಪನಿ' ಅಂತ ನೇರವಾಗಿ ಓದೋಕೆ ಬಂದರೆ ಅದು ಶೋಕೇಸಿಗೆ ಮಾಡಿದ್ದು. ರೈಸ್ ಪುಲ್ಲಿಂಗ್ ಅಂತ ಜನರ ಮನೆ ಹಾಳು ಮಾಡಿದ 1818ರ ಕಂಪನಿ ನಾಣ್ಯಗಳ ಕಥೆ ಕೇಳಿರ್ತೀರಿ, ಆ ಕುಟುಂಬದ ಸರಕೇ ಇದು.

ತಾರೀಖಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಕಂಪನಿಯ ಎಷ್ಟೋ ಅಧಿಕಾರಿಗಳು ಪಾರ್ಸಿ ಲಿಪಿಯ ಮುದ್ರೆ ಇಟ್ಟುಕೊಂಡಿದ್ದರು, ಅದರಲ್ಲಿ ಹಿಜರಿ ವರ್ಷ ಕೊರೆದಿರುತ್ತಿತ್ತು. ಹಿಜರಿ ವರ್ಷ ಚಾಂದ್ರಮಾನದ್ದು, ಹಾಗಾಗಿ 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತೆ. 1214 ಅಂದರೆ 1799-1800. ಅದು ಅಚ್ಚು ಕೊರೆದ ವರ್ಷ, ಪತ್ರ ಬರೆದದ್ದಲ್ಲ. ಆದ್ದರಿಂದ ಪತ್ರಕ್ಕಿಂತ ಮುದ್ರೆಯ ವರ್ಷ ಹಳೆಯದಿದ್ದರೆ ಪರವಾಗಿಲ್ಲ, ಹೊಸದಿದ್ದರೆ ಮೋಸ. ಆದರೆ ಟಿಪ್ಪು ಕಾಲದ ನಾಣ್ಯ, ಮುದ್ರೆಗಳಿಗೆ ಈ ಸೂತ್ರ ಹಾಕಿದರೆ ತಲೆ ತಿರುಗುತ್ತೆ. ಅವನು ಆಳ್ವಿಕೆಯ ಮಧ್ಯದಲ್ಲಿ ಮೌಲೂದಿ ಅನ್ನೋ ತನ್ನದೇ ವರ್ಷಗಣನೆ ತಂದು, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1226 ಅನ್ನೋದು ನೋಡೋಕೆ 6221 ಥರ ಕಾಣುತ್ತೆ. ಸರಿಯಾಗಿ ತಿರುಗಿಸಿ ಓದಿ ಹಿಜರಿ ಅಂತ ಲೆಕ್ಕ ಹಾಕಿದರೆ 1811 ಬರುತ್ತೆ, ಟಿಪ್ಪು ಸತ್ತದ್ದು 1799ರಲ್ಲಿ. "ನಕಲಿ" ಅಂತ ಎಸೆದುಬಿಟ್ಟರೆ ಮುಗೀತು, ಅಸಲಿಯನ್ನೇ ಎಸೆದ ಹಾಗೆ. ಇನ್ನೊಂದು: ದೇಶೀ ದರ್ಬಾರುಗಳ ಪಾರ್ಸಿ ಪತ್ರಗಳಲ್ಲಿ ಕಾಗದದ ಮೇಲೆ ಸಾಮಾನ್ಯವಾಗಿ ಇರೋದು ಮಸಿಯ ಮುದ್ರೆ. ಅರಗು ಇದ್ದರೆ ಅದು ಪತ್ರ ಹಾಕಿದ ಜರಿ ಚೀಲದ ದಾರಕ್ಕೆ ನೇತಾಡುತ್ತಿರುತ್ತೆ, ಅದಕ್ಕೆ ಖರೀತಾ ಅನ್ನುತ್ತಿದ್ದರು.

ಈಗ ಕೆಮಿಸ್ಟ್ರಿ, ಮತ್ತು ನನ್ನ ತಪ್ಪು.

ಷೆಲ್ಯಾಕ್ ಆಲ್ಕೋಹಾಲಿನಲ್ಲಿ ಕರಗುತ್ತೆ. ಈಗ ಮದುವೆ ಕಾರ್ಡಿಗೆ ಬಳಸೋ 'ಸೀಲಿಂಗ್ ವ್ಯಾಕ್ಸ್' ಹೆಚ್ಚಾಗಿ ಪ್ಯಾರಾಫಿನ್ ಅಥವಾ ಹಾಟ್ ಗ್ಲೂ ಥರದ ಪ್ಲಾಸ್ಟಿಕ್, ಅದು ಕರಗೋದಿಲ್ಲ. ಇಷ್ಟು ಓದಿಕೊಂಡು, ಲ್ಯಾಬಿನಿಂದ ಒಂದಿಷ್ಟು ಎಥನಾಲ್ ತಂದು, ಕಡ್ಡಿಗೆ ಸುತ್ತಿದ ಹತ್ತಿಯಿಂದ ಆ ನಕಲಿಯನ್ನ ಉಜ್ಜಿದೆ. ಏನೂ ಆಗಲಿಲ್ಲ. ಖುಷಿಯಾಯ್ತು. ಆದರೆ ಪ್ರಯೋಗ ಅಂದಮೇಲೆ ಕಂಟ್ರೋಲ್ ಸ್ಯಾಂಪಲ್ ಬೇಕಲ್ಲ? ಮುತ್ತಜ್ಜನ ಲಕೋಟೆ ತೆಗೆದು ಬಲಗಡೆ ಕೆಳಗಿನ ಮುದ್ರೆಯ ಮೇಲೆ ಒಂದೇ ಒಂದು ಸಲ ಆ ಹತ್ತಿ ಆಡಿಸಿದೆ. ಹತ್ತಿ ಕೆಂಪಾಯಿತು. ತಕ್ಕಡಿಯ ಒಂದು ತಟ್ಟೆಯೂ ಕೆಳಗಿನ ಎರಡು ಅಕ್ಷರವೂ ಒಂದೇ ನಯವಾದ ಹೊಂಡವಾದವು. ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ನಮ್ಮ ಮಾವನೋರು ಉಂಗುರ ಒತ್ತಿದ್ದು ಕಣೋ ಅದು. ನೂರು ವರ್ಷ ಯಾರೂ ಕೈ ಹಚ್ಚಿರಲಿಲ್ಲ" ಅಂದರು. ಬೈದಿದ್ದರೆ ವಾಸಿ ಇತ್ತು.

ವಸ್ತು ಅಸಲಿ ಅಂತ ಸಾಬೀತಾದ ಕ್ಷಣವೇ ಅದು ಅಳಿಸಿಹೋಗಿತ್ತು. ನಮ್ಮಲ್ಲಿ ಡಿಸ್ಟ್ರಕ್ಟಿವ್ ಟೆಸ್ಟಿಂಗ್, ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್ ಅಂತ ಎರಡು ಪಾಠ ಇವೆ, ಎರಡರಲ್ಲೂ ಪಾಸಾಗಿದ್ದೆ.

ಮುಟ್ಟದೆ ಮಾಡೋ ಪರೀಕ್ಷೆಗಳು ಇವೆ. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಷೆಲ್ಯಾಕ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತೆ. ದಟ್ಟ ಬಣ್ಣ ಬೆರೆಸಿದ ಅರಗಿನಲ್ಲಿ ಆ ಹೊಳಪು ಮಂಕಾಗೋದರಿಂದ, ಹೊಳೆಯದಿದ್ದರೆ ನಕಲಿ ಅಂತ ತೀರ್ಪು ಕೊಡಬೇಡಿ, ಅಂಚಿನ ತೆಳು ಭಾಗ ನೋಡಿ. ಕಾಗದದ ಮೇಲೂ ಟಾರ್ಚ್ ಆಡಿಸಿ. ಈಗಿನ ಬಿಳಿ ಕಾಗದ ನೀಲಿಯಾಗಿ ಝಗ್ಗನೆ ಹೊಳೆಯುತ್ತೆ, ಹಳೆಯದು ಹೊಳೆಯೋದಿಲ್ಲ. ಎಕ್ಸ್‌ಆರ್‌ಎಫ್ ಯಂತ್ರ ಧಾತುಗಳನ್ನ ಹೇಳುತ್ತೆ: ಪಾದರಸ ಕಂಡರೆ ಇಂಗಲೀಕ, ಸೀಸ ಕಂಡರೆ ಸಿಂಧೂರ. ಟೈಟಾನಿಯಂ ಚೆನ್ನಾಗಿ ಕಂಡರೆ ಎಚ್ಚರ, ಟೈಟಾನಿಯಂ ಬಿಳಿ ಬಣ್ಣ ಮಾರುಕಟ್ಟೆಗೆ ಬಂದದ್ದೇ ಮೊದಲ ಮಹಾಯುದ್ಧದ ಹೊತ್ತಿಗೆ, 1820ರ ಮುದ್ರೆಯಲ್ಲಿ ಅದಕ್ಕೇನು ಕೆಲಸ? ರಾಮನ್ ಸ್ಪೆಕ್ಟ್ರೋಮೀಟರಿನಲ್ಲಿ ಇಂಗಲೀಕ 253 ಮತ್ತು 343ರ ಹತ್ತಿರ ಗುರುತು ಕೊಡುತ್ತೆ. ಇವೆರಡೂ ಯಂತ್ರ ದೊಡ್ಡ ಸಂಸ್ಥೆಗಳಲ್ಲಿರ್ತವೆ, ವಿನಯವಾಗಿ ಮೇಲ್ ಬರೆದು ನೋಡಿ. ಪಾದರಸ ಅಂದಮೇಲೆ ಇದೂ ನೆನಪಿರಲಿ: ಹಳೇ ಅರಗನ್ನ ಕೆರೆಯೋದು, "ವಾಸನೆ ನೋಡೋಣ" ಅಂತ ಸುಡೋದು ಬೇಡ. ಮುದ್ರೆಗೂ ಒಳ್ಳೆಯದಲ್ಲ, ಶ್ವಾಸಕೋಶಕ್ಕೂ ಅಲ್ಲ.

ಒಡೆಯದ ಮುದ್ರೆಯ ಒಳಗೆ ಏನು ಬರೆದಿದೆ ಅನ್ನೋ ಕುತೂಹಲಕ್ಕೂ ಈಗ ಉತ್ತರವಿದೆ. ಹೇಗ್ ನಗರದಲ್ಲಿ ಒಂದು ಟ್ರಂಕಿನ ತುಂಬ, ಹದಿನೇಳನೇ ಶತಮಾನದ ಕೊನೆಯ ವಿಲೇವಾರಿಯಾಗದ ಸುಮಾರು 2,600 ಪತ್ರಗಳು ಉಳಿದಿದ್ದವು, ನೂರಾರು ಪತ್ರಗಳ ಮುದ್ರೆ ಇನ್ನೂ ಒಡೆದೇ ಇಲ್ಲ. 2021ರಲ್ಲಿ ಎಂಐಟಿಯ ಜಾನಾ ಡಾಂಬ್ರೋಜಿಯೋ ಮತ್ತು ಸಂಗಡಿಗರು, ಹಲ್ಲುಗಳ ಅಧ್ಯಯನಕ್ಕೆ ರೂಪಿಸಿದ್ದ ಎಕ್ಸ್‌ರೇ ಸ್ಕ್ಯಾನರಿನಲ್ಲಿ ಒಂದು ಪತ್ರ ಇಟ್ಟು, ಮಡಿಕೆಗಳನ್ನ ಅಲ್ಗಾರಿದಮ್ಮಿನಿಂದ ಬಿಡಿಸಿ, 1697ರಲ್ಲಿ ಒಬ್ಬ ತನ್ನ ನೆಂಟನಿಗೆ ಬರೆದದ್ದನ್ನ ಓದಿದರು. ಅವನು ಕೇಳಿದ್ದು ಸಂಬಂಧಿಕರೊಬ್ಬರ ಮರಣದ ದಾಖಲೆಯ ಪ್ರತಿ. ಮುದ್ರೆ ಈಗಲೂ ಹಾಗೇ ಇದೆ. ಅದನ್ನ ಓದಿದ ದಿನ ನನ್ನ ಹತ್ತಿಯ ಕಡ್ಡಿ ನೆನಪಾಗಿ ಒಂಥರಾ ಆಯ್ತು.

ಕೊಳ್ಳೋ ಮುಂಚೆ ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳು ಪುರಾವಸ್ತುವಿನ ವ್ಯಾಖ್ಯೆಗೆ ಬರಬಹುದು. ಅಂಥದ್ದನ್ನ ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅದಕ್ಕಿಂತ ಮುಖ್ಯ, ಪತ್ರದ ಮೂಲೆಯಲ್ಲಿ ಕಡತದ ನಂಬರ್, ದಾರ ಪೋಣಿಸಿದ ತೂತು, ರೆಕಾರ್ಡ್ ರೂಮಿನ ಠಸ್ಸೆ ಕಂಡರೆ ಅದು ಸರ್ಕಾರಿ ಕಡತದಿಂದ ಕಿತ್ತದ್ದಿರಬಹುದು. ಎಷ್ಟೇ ಅಸಲಿಯಾಗಿದ್ದರೂ ಬಿಟ್ಟುಬಿಡಿ. ಮುದ್ರೆ ಮಾತ್ರ ಕತ್ತರಿಸಿ ಮಾರೋರ ಹತ್ತಿರವೂ ಕೊಳ್ಳಬೇಡಿ. ಪತ್ರದಿಂದ ಬೇರೆಯಾದ ಮುದ್ರೆಗೆ ಪದರವಿಲ್ಲ, ಠಸ್ಸೆಯಿಲ್ಲ, ಊರಿಲ್ಲ. ಮೇಲೆ ಹೇಳಿದ ಅರ್ಧ ಪರೀಕ್ಷೆಗಳು ಅದರ ಮೇಲೆ ನಡೆಯೋದೇ ಇಲ್ಲ.

ಮುತ್ತಜ್ಜನ ಲಕೋಟೆ ಈಗ ಆಸಿಡ್ ಇಲ್ಲದ ಕಾಗದದ ಕವರಿನಲ್ಲಿ, ಮುದ್ರೆಗಳ ಮೇಲೆ ಭಾರ ಬೀಳದ ಹಾಗೆ ದಪ್ಪ ರಟ್ಟಿನ ಚೌಕಟ್ಟಿನೊಳಗೆ, ಹಿಂಭಾಗ ಮೇಲೆ ಮಾಡಿ ಮಲಗಿದೆ. ಅಟ್ಟದ ಮೇಲಲ್ಲ, ಕೆಳಗಿನ ಕೋಣೆಯ ಬೀರುವಿನಲ್ಲಿ. ಉಳಿದ ನಾಲ್ಕು ಮುದ್ರೆಗಳ ಆರ್‌ಟಿಐ ಚಿತ್ರ ತೆಗೆದೆ. ಬೆಳಕನ್ನ ಎಡಗಡೆ ತೀರಾ ಕೆಳಕ್ಕೆ ಇಳಿಸಿದಾಗ ಎರಡನೇ ಮುದ್ರೆಯಲ್ಲಿ ತಕ್ಕಡಿಯ ದಂಡಿಗೆಯ ಮೇಲೆ ಒಂದು ಸಣ್ಣ ಗೀರು ಕಂಡಿತು. ಮೂರನೆಯದರಲ್ಲೂ ಇತ್ತು, ನಾಲ್ಕನೆಯದರಲ್ಲೂ. ಲ್ಯಾಪ್‌ಟಾಪನ್ನ ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ, "ಹೌದು, ಉಂಗುರ ಒಂದ್ಸಲ ಬಾವಿಕಟ್ಟೆ ಮೇಲೆ ಬಿದ್ದಿತ್ತಂತೆ, ನಿಮ್ಮ ತಾತ ಹೇಳ್ತಿದ್ರು" ಅಂದರು.